ಮಾವಿನ ಗಿಡ ಮತ್ತು ಟೊಮೇಟೊ ಮಡಿಗೆ ಒಂದೇ ನೀರು, ಒಂದೇ ಗೊಬ್ಬರ ಸಾಕೇ? ಬೆಳೆಸಿದವರ ಅನುಭವ ಬೇಕು

ಹೊಸಹಿತ್ತಿಲು:
ಹಿತ್ತಿಲಿನ ಮೂಲೆಯಲ್ಲಿ ನೆಟ್ಟಿರುವ ಕಸಿ ಮಾವಿನ ಗಿಡಕ್ಕೆ ಈಗ ಎರಡನೆಯ ವರ್ಷ. ಅದರ ಬುಡದಿಂದ ಎರಡು ಮೀಟರ್ ದೂರದಲ್ಲಿ ಟೊಮೇಟೊ ಮಡಿಗಳನ್ನು ಮಾಡುವ ಯೋಚನೆಯಿದೆ. ಎರಡಕ್ಕೂ ಒಂದೇ ಹನಿ ನೀರಾವರಿ ಕೊಳವೆಯನ್ನು ಎಳೆದು, ಒಂದೇ ಗೊಬ್ಬರವನ್ನು ಕೊಟ್ಟರೆ ನಡೆಯುತ್ತದೆಯೇ? ನಮ್ಮದು ಜೇಡಿಮಣ್ಣು. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಮಾವಿನನೆರಳು:
ಖಂಡಿತ ನಡೆಯುವುದಿಲ್ಲ. ನಮ್ಮ ಮರದ ಕಥೆಯನ್ನೇ ಹೇಳುತ್ತೇನೆ. ಪಕ್ಕದ ಜಾಗದವರು ಬೇಲಿಗೆ ಒತ್ತಿಕೊಂಡೇ ತರಕಾರಿ ಮಡಿಗಳನ್ನು ಮಾಡಿ, ವರ್ಷವಿಡೀ ನೀರು ಹರಿಸುತ್ತಿದ್ದರು. ಮಾವಿನ ಬೇರಿಗೆ ಬೇಲಿಯ ಲೆಕ್ಕವಿಲ್ಲ. ಮರ ದಟ್ಟವಾಗಿ ಬೆಳೆಯಿತು, ಕೆಂಪು ಚಿಗುರಿನ ಮೇಲೆ ಕೆಂಪು ಚಿಗುರು ಬಂದಿತು, ನೋಡಿದವರೆಲ್ಲ ಹೊಗಳಿದರು. ಹೂವು ಮಾತ್ರ ಬರಲಿಲ್ಲ. ಮಾವಿಗೆ ಹೂ ಬಿಡುವ ಮೊದಲು ಎರಡು ಮೂರು ತಿಂಗಳು ಒಣ ವಿಶ್ರಾಂತಿ ಬೇಕು. ಆ ಅವಧಿಯಲ್ಲಿ ಚಿಗುರು ಬಲಿತು, ಕಡು ಹಸಿರಾಗಿ, ಸುಮ್ಮನೆ ನಿಲ್ಲಬೇಕು. ಆಗ ನೀರನ್ನೂ ಸಾರಜನಕವನ್ನೂ ಉಣಿಸಿದರೆ ಹೂಗೊಂಚಲಾಗಬೇಕಿದ್ದ ಮೊಗ್ಗು ಎಲೆಯಾಗಿ ಬಿಚ್ಚಿಕೊಳ್ಳುತ್ತದೆ. ಇದನ್ನು ಅವರಿಗೆ ವಿವರಿಸಲು ಹೋದರೆ, ನೀರು ಹೆಚ್ಚಾದರೆ ಮರಕ್ಕೆ ಒಳ್ಳೆಯದಲ್ಲವೇ ಎಂದರು. ಕೊನೆಗೆ ಬೇಲಿಯ ಉದ್ದಕ್ಕೂ ಬಸಿಗಾಲುವೆಯನ್ನು ತೋಡಿಸಿದೆ. ಅಗೆತದ ಕೂಲಿ, ಮಣ್ಣು ಸಾಗಿಸುವ ಗಾಡಿ, ಕಾಲುವೆಯ ತಳಕ್ಕೆ ಜಲ್ಲಿ, ಒಂದು ಮಳೆಗೆ ಅಂಚು ಕುಸಿದಾಗ ಮತ್ತೆ ಅದೇ ಕೂಲಿ: ಎಲ್ಲವನ್ನೂ ನಾನೇ ಭರಿಸಿದೆ. ಮುಂದಿನ ಹಂಗಾಮಿನಲ್ಲಿ ಮರ ತುಂಬಾ ಹೂವಾಯಿತು. ಬೂದಿ ರೋಗ ಬಂದು ಅರ್ಧ ಗೊಂಚಲುಗಳು ಕಪ್ಪಾಗಿ ಉದುರಿದವು, ಜಿಗಿಹುಳುವಿನ ಅಂಟಿನಿಂದ ಎಲೆಗಳೆಲ್ಲ ಮಸಿ ಹಿಡಿದವು; ಆದರೂ ಉಳಿದ ಕಾಯಿಗಳಿಗೆ ಕೊಂಬೆ ಬಾಗಿತು. ಅಂದು ಕಾಲುವೆ ತೋಡಿಸಿದ ನನ್ನ ನಿರ್ಧಾರ ಸರಿಯಾಗಿತ್ತು ಎಂದು ಈಗಲೂ ಎದೆತಟ್ಟಿ ಹೇಳುತ್ತೇನೆ.

ತರಕಾರಿಮಡಿ:
ಮರ ಬೆಳೆಸುವವರಿಗೆ ನೀರು ನಿಲ್ಲಿಸಿ ಎಂದು ಹೇಳುವುದು ಎಷ್ಟು ಸುಲಭ! ಹಾಗೆ ನೀರು ನಿಲ್ಲಿಸಿದ್ದರ ಬೆಲೆಯನ್ನು ತೆತ್ತವಳು ನಾನು. ನಮ್ಮ ಮನೆಯಲ್ಲಿ ಮಾವಿಗೂ ಟೊಮೇಟೊಗೂ ನೀರು ಬಿಡಲು ಒಂದೇ ತಿರುಪು ಇತ್ತು. ಮರ ಹೂ ಬಿಡಲಿ ಎಂದು ಹಿರಿಯರು ಅದನ್ನು ಮುಚ್ಚಿಸಿದರು. ಎಲೆ ಬಾಡಿದ್ದನ್ನು ಕಂಡು ಮತ್ತೆ ಒಮ್ಮೆಲೇ ಬಿಡಿಸಿದರು. ಮೊದಲ ಗೊಂಚಲಿನ ಕಾಯಿಗಳ ತುದಿ ಕಪ್ಪಾಗಿ, ಚರ್ಮದಂತೆ ಒಳಕ್ಕೆ ಕುಸಿಯಿತು. ಎರಡನೆಯ ಗೊಂಚಲು ಹಣ್ಣಾಗುವ ಹೊತ್ತಿಗೆ ಸಿಪ್ಪೆ ಸೀಳಿತು. ತುದಿ ಕೊಳೆಯುವುದಕ್ಕೆ ಮಣ್ಣಿನಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಇಲ್ಲದಿರುವುದೇ ಕಾರಣ ಎಂದು ಎಲ್ಲರೂ ಸುಣ್ಣ ತಂದು ಸುರಿಯುತ್ತಾರೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಅದು ನೀರಿನೊಂದಿಗೇ ಗಿಡದೊಳಗೆ ಸಾಗಬೇಕು, ಎಲೆಗಳು ಅದನ್ನು ಮೊದಲು ಸೆಳೆದುಕೊಳ್ಳುತ್ತವೆ, ಕಾಯಿಯ ತುದಿ ಕೊನೆಯ ಪಾಲುದಾರ. ನೀರು ಏರುಪೇರಾದರೆ ಆ ಕೊನೆಯ ಪಾಲು ಮೊದಲು ತಪ್ಪುತ್ತದೆ. ಬೀಜ, ಸಸಿಮಡಿಯ ಆರೈಕೆ, ಆಸರೆಯ ಕೋಲುಗಳು, ಕಟ್ಟುವ ದಾರ, ಮಡಿಗೆ ಹೊದಿಸಿದ ಹುಲ್ಲು, ಕೊಟ್ಟಿಗೆ ಗೊಬ್ಬರ, ದಿನವೂ ಕಂಕುಳ ಚಿಗುರುಗಳನ್ನು ಚಿವುಟಿದ ಶ್ರಮ, ಇಷ್ಟೂ ಒಂದು ತಿರುಪಿನಿಂದ ಹಾಳಾಯಿತು. ಮಾವು ಮುಂದಿನ ವರ್ಷವಾದರೂ ಹೂ ಬಿಡುತ್ತದೆ. ನಾಟಿ ಮಾಡಿದ ಎರಡು ಎರಡೂವರೆ ತಿಂಗಳಿನಲ್ಲಿ ಕೊಯ್ಲಿಗೆ ಬರುವ ಟೊಮೇಟೊ ಗಿಡಕ್ಕೆ ಮುಂದಿನ ವರ್ಷ ಎಂಬುದೇ ಇಲ್ಲ.

ಮಾವಿನನೆರಳು:
ತರಕಾರಿಮಡಿ ಅವರೇ, ನಿಮ್ಮ ಮನೆಯ ತಿರುಪಿನ ಜಗಳಕ್ಕೆ ಮರವನ್ನು ಏಕೆ ದೂರುತ್ತೀರಿ? ನೀವು ಹೇಳಿದ್ದೂ ಒಂದೇ ಕೊಳವೆ ಬೇಡ ಎಂದೇ ಅಲ್ಲವೇ?

ತರಕಾರಿಮಡಿ:
ನಾನು ಮರವನ್ನು ದೂರಲಿಲ್ಲ. ಮರ ಇರುವ ಜಾಗದಲ್ಲಿ ತರಕಾರಿಯೇ ಯಾವಾಗಲೂ ಬಿಟ್ಟುಕೊಡಬೇಕು ಎಂಬ ಧೋರಣೆಯನ್ನು ದೂರಿದೆ. ನಿಮ್ಮ ನೆರೆಯವರ ಮಡಿಗಳ ಗತಿ ಏನಾಯಿತೆಂದು ನೀವು ಒಂದು ಮಾತನ್ನೂ ಬರೆದಿಲ್ಲ.

ಓಟೆಗಿಡ:
ಇಬ್ಬರೂ ಕಸಿ ಗಿಡವನ್ನೇ ಗಿಡ ಎಂದುಕೊಂಡು ಮಾತನಾಡುತ್ತಿದ್ದೀರಿ. ನಾನು ಓಟೆಯನ್ನು, ಅಂದರೆ ಮಾವಿನ ಗೊರಟನ್ನು, ನೆಟ್ಟ ಜಾಗದಲ್ಲೇ ಮರ ಮಾಡಿದವನು. ತಾಯಿಬೇರು ಎಲ್ಲಿಯೂ ಸುತ್ತಿಕೊಳ್ಳದೆ ನೇರವಾಗಿ ಆಳಕ್ಕೆ ಇಳಿದಿರುವುದರಿಂದ, ಬಲಿತ ಮೇಲೆ ಬೇಸಿಗೆಯಲ್ಲಿಯೂ ಅದಕ್ಕೆ ನಾನು ನೀರು ಕೊಟ್ಟಿಲ್ಲ. ಹಿಂದೊಮ್ಮೆ ತಂದಿದ್ದ ಕಸಿ ಗಿಡದ ಬೇರು ಚೀಲದೊಳಗೆ ಸುತ್ತಿಕೊಂಡಿತ್ತು. ಗಾಳಿಗೆ ಬುಡ ಸಮೇತ ಮಲಗಿತು. ಮಾರಿದವರು ಅದನ್ನು ಒಪ್ಪಲೇ ಇಲ್ಲ.

ಮಾವಿನನೆರಳು:
ಓಟೆಯಿಂದ ಬಂದ ಗಿಡ ಕಾಯಿ ಬಿಡಲು ಎಷ್ಟು ವರ್ಷ ತೆಗೆದುಕೊಂಡಿತು, ಹಣ್ಣು ತಾಯಿಮರದ ಹಣ್ಣಿನಂತೆಯೇ ಇತ್ತೇ ಎಂಬುದನ್ನೂ ಹೇಳಿ. ಕಸಿ ಗಿಡ ಮೂರರಿಂದ ಐದು ವರ್ಷದಲ್ಲಿ ಫಲಕ್ಕೆ ಬರುತ್ತದೆ.

ಓಟೆಗಿಡ:
ಎಂಟು ವರ್ಷ ದಾಟಿತ್ತು. ಕಾಯಲು ನಾನು ಸಿದ್ಧನಿದ್ದೆ. ಹಣ್ಣಿನ ವಿಷಯದಲ್ಲಿ ನಿಮಗೆ ಅರ್ಧ ಮಾತ್ರ ಗೊತ್ತಿದೆ: ಒಂದೇ ಓಟೆಯಲ್ಲಿ ಹಲವು ಭ್ರೂಣಗಳಿರುವ ತಳಿಗಳಲ್ಲಿ ಹೆಚ್ಚಿನ ಮೊಳಕೆಗಳು ತಾಯಿಮರದ ಗುಣವನ್ನೇ ಉಳಿಸಿಕೊಳ್ಳುತ್ತವೆ. ಒಂದೇ ಭ್ರೂಣವಿರುವ ತಳಿಗಳಲ್ಲಿ ಮಾತ್ರ ನಿಮ್ಮ ಆಕ್ಷೇಪಕ್ಕೆ ಬೆಲೆಯಿದೆ.

ಮಣ್ಣುಗೈ:
ಪ್ರಶ್ನೆ ಕೇಳಿದವರದು ಈಗಾಗಲೇ ನೆಟ್ಟಿರುವ ಕಸಿ ಗಿಡ. ಓಟೆಯ ವಾದ ಅವರಿಗೆ ಏನು ಉಪಯೋಗ? ನನ್ನ ನಷ್ಟ ಬೇರೆ ಬಗೆಯದು. ಟೊಮೇಟೊ ಸಸಿಯನ್ನು ಕೆಳಗಿನ ಎಲೆ ತೆಗೆದು ಕಾಂಡದ ಅರ್ಧದವರೆಗೆ ಹೂಳಬಹುದು, ಹೂತ ಕಾಂಡದಿಂದಲೇ ಹೊಸ ಬೇರು ಹೊರಡುತ್ತದೆ. ಕೆಲಸಕ್ಕೆ ಬಂದವರು ಅದೇ ಕೈಯಲ್ಲಿ ಮಾವಿನ ಬುಡಕ್ಕೂ ಮಣ್ಣೇರಿಸಿ, ಕಸಿ ಗಂಟು (ಕಸಿ ಕಟ್ಟಿದ ಜಾಗ) ಮುಚ್ಚುವಂತೆ ಮಾಡಿ ಹೋದರು. ಮೇಲೆ ಹುಲ್ಲಿನ ಹೊದಿಕೆ ಬೇರೆ. ಮಳೆಗಾಲ ಮುಗಿಯುವಷ್ಟರಲ್ಲಿ ತೊಗಟೆ ಕೊಳೆತು, ಮೇಲಿನ ಕೊಂಬೆ ಒಣಗಿ, ಗಂಟಿನ ಕೆಳಗಿನ ಬೇರುಸಸಿಯ (ಕಸಿಗೆ ಬುಡವಾಗಿದ್ದ ಗಿಡದ) ಚಿಗುರು ಮಾತ್ರ ಉಳಿಯಿತು. ಹೊಸ ಗಿಡ ತರಬೇಕಾಯಿತು, ಕಳೆದುಹೋದ ವರ್ಷಗಳನ್ನು ಯಾರೂ ತಂದುಕೊಡಲಿಲ್ಲ.

ಟೊಮೇಟೊ ಪಾಡೂ ನೆಟ್ಟಗಾಗಲಿಲ್ಲ. ಜೇಡಿಮಣ್ಣಿನಲ್ಲಿ ನೀರು ನಿಂತು, ಹಸಿರಾಗಿದ್ದ ಗಿಡಗಳು ಎಲೆ ಹಳದಿಯಾಗುವ ಮೊದಲೇ ಜೋತುಬಿದ್ದವು. ಕಾಂಡವನ್ನು ಕತ್ತರಿಸಿ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟಾಗ ಹಾಲಿನಂಥ ಎಳೆ ಇಳಿಯಿತು. ಅದು ಬ್ಯಾಕ್ಟೀರಿಯಾದ ಸೊರಗು ರೋಗದ ಗುರುತು. ಅಲ್ಲಿಂದ ಆ ಮಡಿಯಲ್ಲಿ ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದನ್ನೂ ಹಾಕಿಲ್ಲ, ಏಕೆಂದರೆ ನಾಲ್ಕೂ ಒಂದೇ ಸಸ್ಯ ಕುಟುಂಬದವು. ಈಗ ಮಡಿಗಳನ್ನು ಏರಿಸಿ ಬೇರೆಡೆ ಮಾಡಿದ್ದೇನೆ. ಗೊಬ್ಬರದ ಬಗ್ಗೆ ಒಂದೇ ಮಾತು: ಟೊಮೇಟೊಗೆ ಕಾಯಿ ಕಚ್ಚಿದ ಮೇಲೆ ಪೊಟ್ಯಾಷ್ ಬೇಕೇ ಬೇಕು, ಅದನ್ನು ಕೆಲವು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಮಾವಿಗೆ ಆ ಅವಸರವಿಲ್ಲ.

ತರಕಾರಿಮಡಿ:
ಬಿಸಿಲಿನ ಮಾತನ್ನು ಯಾರೂ ಎತ್ತಲಿಲ್ಲ. ಟೊಮೇಟೊಗೆ ದಿನಕ್ಕೆ ಕನಿಷ್ಠ ಆರು ಗಂಟೆಯ ನೇರ ಬಿಸಿಲು ಬೇಕು. ಎಲೆ ಉದುರಿಸುವ ಮರವಾದರೆ ವರ್ಷದಲ್ಲಿ ಕೆಲವು ತಿಂಗಳಾದರೂ ಬೆಳಕು ಬಿಡುತ್ತದೆ; ನಿತ್ಯ ಹಸಿರಾಗಿರುವ ಮಾವಿನ ಕೆಳಗೆ ಹನ್ನೆರಡು ತಿಂಗಳೂ ನೆರಳೇ. ಇಂದಿನ ಎರಡು ಮೀಟರ್ ದೂರ ಕೆಲವೇ ವರ್ಷಗಳಲ್ಲಿ ಕೊಂಬೆಯ ಅಡಿಗೆ ಬರುತ್ತದೆ. ದೊಡ್ಡ ತೋಟಗಳಲ್ಲಿ ಮಾವಿಗೆ ಹತ್ತು ಮೀಟರ್ ಅಂತರ ಬಿಡುವುದು ಸುಮ್ಮನೆ ಅಲ್ಲ.

ಮಾವಿನನೆರಳು:
ಅದಕ್ಕೇ ನಾನು ಮೊದಲೇ ಹೇಳಿದ್ದು, ಮಡಿ ದೂರ ಹೋಗಲಿ ಎಂದು.

ತರಕಾರಿಮಡಿ:
ನೀವು ಬೇಲಿಯಾಚೆಯವರ ನೀರನ್ನು ತಡೆದದ್ದನ್ನು ಹೇಳಿದಿರಿ, ಬಿಸಿಲಿನ ಹೆಸರನ್ನೂ ಎತ್ತಲಿಲ್ಲ. ಮೇಲೆ ನೋಡಿ.

ಹೊಸಹಿತ್ತಿಲು:
ಎಲ್ಲರಿಗೂ ಧನ್ಯವಾದಗಳು. ಆದರೆ ನನ್ನ ಗಿಡ ಇನ್ನೂ ಎದೆಯೆತ್ತರವಿದೆ, ಅದರ ನೆರಳು ಮಡಿಯನ್ನು ಮುಟ್ಟುವುದಿಲ್ಲ. ಈ ವರ್ಷದ ಮಟ್ಟಿಗೆ ಏನು ಮಾಡಲಿ?

ಮಣ್ಣುಗೈ:
ಎಳೆಯ ಕಸಿ ಗಿಡದಲ್ಲಿ ಹೂ ಬಂದರೂ ಮೊದಲ ವರ್ಷಗಳಲ್ಲಿ ಚಿವುಟಿ ತೆಗೆಯುವುದೇ ಕ್ರಮ. ಆದ್ದರಿಂದ ಒಣ ವಿಶ್ರಾಂತಿಯ ಚಿಂತೆ ನಿಮಗೆ ಈಗ ಇಲ್ಲ, ನೀರು ಎರಡಕ್ಕೂ ಬೇಕು. ಆದರೂ ಈಗಲೇ ಎರಡು ತಿರುಪುಗಳನ್ನು ಹಾಕಿಸಿ: ಮಡಿಗೆ ದಿನವೂ ಅಥವಾ ದಿನ ಬಿಟ್ಟು ದಿನ ಸ್ವಲ್ಪ, ಗಿಡಕ್ಕೆ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು. ಮಡಿಯನ್ನು ಏರಿಸಿ ಮಾಡಿ, ಮಾವಿನ ಕಡೆಗೆ ಗುದ್ದಲಿ ಆಳವಾಗಿ ಹಾಕಬೇಡಿ, ಕಸಿ ಗಂಟಿನ ಸುತ್ತ ಒಂದು ಗೇಣು ಜಾಗ ಬರಿದಾಗಿರಲಿ.

ಮಾವಿನನೆರಳು:
ಮೂರನೆಯ ವರ್ಷ ಮಡಿಯನ್ನು ಅಲ್ಲಿಂದ ಎತ್ತಲೇಬೇಕು.

ತರಕಾರಿಮಡಿ:
ಕೊಂಬೆ ಎಲ್ಲಿಯವರೆಗೆ ಹರಡಿದೆ ಎಂದು ನೋಡಿ ಎತ್ತಲಿ. ಮರ ಒಂದೊಂದೂ ಒಂದೊಂದು ಬಗೆಯಲ್ಲಿ ಬೆಳೆಯುತ್ತದೆ, ಅದಕ್ಕೆ ವರ್ಷದ ಲೆಕ್ಕ ಹಾಕುವವರು ನೀವು ಯಾರು?