ನಾಕು ಸ್ಪೀಕರ್ ಕೂಡಿಸಿದ ಮ್ಯಾಲೆ ಅಂಗಡಿ ತುಂಬ ದನಿ ಇಳದೈತಿ, ಯಾಕ್ರಿ?

ಸೀರೆ ಅಂಗಡಿ, ಬಾಗಲಕೋಟೆ:
ನವನಗರದಾಗ ಎರಡು ಮಹಡಿ ಅಂಗಡಿ. 120 ವ್ಯಾಟ್ ಆಂಪ್ಲಿಫೈಯರ್, 100 ವೋಲ್ಟ್ ಲೈನ್ (ಹೆಚ್ಚಿನ ವೋಲ್ಟಿನಾಗ ಭಾಳ ಸ್ಪೀಕರಿಗೆ ದನಿ ಒಯ್ಯೂ ವೈರು). ಕೆಳಗ 10 ಗೋಡೆ ಸ್ಪೀಕರ್, ಎಲ್ಲಾ 6 ವ್ಯಾಟ್ ಟ್ಯಾಪಿಂಗ್ (ಸ್ಪೀಕರ್ ಎಷ್ಟು ವ್ಯಾಟ್ ಎಳೀಬೇಕಂತ ಆರಿಸೂ ಜೋಡಣೆ). ದನಿ ಚಲೋ ಇತ್ತು. ಹೋದ ವಾರ ಮ್ಯಾಲಿನ ಮಹಡಿಗೆ ನಾಕು ಸೀಲಿಂಗ್ ಸ್ಪೀಕರ್ ಹಾಕಿ ಅದೇ ಲೈನಿಗೆ ಕೂಡಿಸಿದ್ವಿ. ಈಗ ವಾಲ್ಯೂಮ್ ಮುಕ್ಕಾಲು ತಿರುವಿದ್ರೂ 14ರಾಗೂ ಪಿಸುಮಾತಿನಂಗ ಬರ್ತೈತಿ. ಇನ್ನೂ ಏರಿಸಿದ್ರ ಒಡಕು ದನಿ, ಆಂಪ್ಲಿಫೈಯರ್ ಕಾಯ್ತೈತಿ. ಮೈಕಿಗೂ ಹಂಗ, ಮೊಬೈಲ್ ಹಾಡಿಗೂ ಹಂಗ. 250 ವ್ಯಾಟಿಂದು ತಗೋಬೇಕೇನ್ರಿ?

ವೈರಿಂಗ್, ವಿಜಯಪುರ:
ತಗೋಬ್ಯಾಡ್ರಿ, ಅದೂ ಸುಟ್ಟೀತು. ಮೈಕು, ಮೊಬೈಲು ಎರಡೂ ಸಣ್ಣ ಅಂದ್ರ ಇನ್‌ಪುಟ್ ಮ್ಯಾಲೆ ಸಂಶಯ ಬ್ಯಾಡ. ಹೊಸ ನಾಕರಾಗ ಲೈನ್ ಟ್ರಾನ್ಸ್‌ಫಾರ್ಮರ್ (ಲೈನಿನ 100 ವೋಲ್ಟನ್ನ ಸ್ಪೀಕರಿಗೆ ತಕ್ಕಂಗ ಇಳಿಸೂದು) ಇಲ್ಲ ಅನಸ್ತೈತಿ. ಲೆಕ್ಕ ನೋಡ್ರಿ: 100 ವೋಲ್ಟ್ ಲೈನಿನಾಗ ಓಮ್ ಬೇಕಂದ್ರ 10,000ವನ್ನ ಒಟ್ಟು ವ್ಯಾಟಿನಿಂದ ಭಾಗಿಸಬೇಕು. ನಿಮ್ಮ ಹಳೇ 60 ವ್ಯಾಟಿಗೆ ಸುಮಾರು 167 ಓಮ್. ಅದರ ಮಗ್ಗಲಕ ಬರೇ 8 ಓಮಿನ ಒಂದು ಸ್ಪೀಕರ್ ಕೂಡಿಸಿದ್ರ ಅದೊಂದ 1,250 ವ್ಯಾಟ್ ಕೇಳ್ತೈತಿ. ಅಷ್ಟು ಕೊಡಲಾಗದ ಲೈನಿನ ವೋಲ್ಟೇಜ್ ಕುಸೀತೈತಿ, ಉಳಿದ ಸ್ಪೀಕರಿಗೂ ದನಿ ಸಿಗೂದಿಲ್ಲ.

ಮೊದಲು ಆಂಪ್ಲಿಫೈಯರ್ ಬಂದ್ ಮಾಡ್ರಿ. ಒಂದೊಂದ ಹೊಸ ಸ್ಪೀಕರಿನ ಎರಡೂ ವೈರ್ ಲೈನಿನಿಂದ ಬಿಚ್ಚಿ ಮೀಟರ್ ಹಚ್ಚರಿ. 6ರಿಂದ 7 ಓಮ್ ತೋರಿಸಿದ್ರ ಅದು ಬರೇ ಕಾಯಿಲ್. ಟ್ರಾನ್ಸ್‌ಫಾರ್ಮರ್ ಕಣ್ಣಿಗೆ ಕಂಡೂ ಇದಕ್ಕಿಂತ ಭಾಳ ಕಮ್ಮಿ ಓದಿದ್ರ ಲೈನಿನ ಕಡೆ ವೈರು, ಸ್ಪೀಕರಿನ ಕಡೆ ವೈರು ಅದಲು ಬದಲು ಆಗಿರಬಹುದು. ಒಂದು ಮಾತು ಎಚ್ಚರ: ಇಡೀ ಲೈನನ್ನ ಮೀಟರಿನಿಂದ ಅಳದು 167 ಬರಲಿಲ್ಲ ಅಂತ ಗಾಬರಿ ಆಗಬ್ಯಾಡ್ರಿ. ಮೀಟರ್ ಡಿ.ಸಿ. ಅಳೀತೈತಿ, 167 ಅನ್ನೂದು ಇಂಪೀಡನ್ಸ್ (ದನಿಯ ಎ.ಸಿ. ಕರೆಂಟಿಗೆ ಬರೂ ತಡೆ), ಅದಕ್ಕ ಇಂಪೀಡನ್ಸ್ ಮೀಟರ್ ಬ್ಯಾರೆ ಬೇಕು.

ಧ್ವನಿವರ್ಧಕ, ಬೆಳಗಾವಿ:
ಮ್ಯಾಲಿನವರ ಮಾತು ಖರೆ. ಜೋಡಿಗೆ ಆಂಪ್ಲಿಫೈಯರ್ ಹಿಂದ ನೋಡ್ರಿ, ಲೈನ್ ಕಾಮನ್ ಮತ್ತ 100 ವೋಲ್ಟ್ ಟರ್ಮಿನಲ್‌ಗೇ ಇರಬೇಕು. ಕೆಲಸದಾಗ ಕೈತಪ್ಪಿ 8 ಓಮ್ ಟರ್ಮಿನಲ್‌ಗೆ ಹೋಗಿದ್ರೂ ದನಿ ಭಾಳ ಇಳೀತೈತಿ. ಆದ್ರ ಆಗ ಆಂಪ್ಲಿಫೈಯರ್ ಕಾಯೂದಿಲ್ಲ. ನಿಮ್ಮದು ಕಾಯ್ತೈತಿ, ಅದಕ್ಕ ನಾನೂ ಓವರ್‌ಲೋಡ್ ಅಂತೀನಿ. ವೈರ್ ದಪ್ಪ ಮಾಡೂ ಖರ್ಚಿಗೂ ಬೀಳಬ್ಯಾಡ್ರಿ, 100 ವೋಲ್ಟಿನಾಗ 100 ವ್ಯಾಟ್ ಅಂದ್ರ ಬರೇ 1 ಆಂಪಿಯರ್.

ಸೀರೆ ಅಂಗಡಿ, ಬಾಗಲಕೋಟೆ:
ನಾಕೂ 7 ಓಮ್ ತೋರಿಸಿದ್ವು. ಬಿಚ್ಚಿದ ಕೂಡಲೇ ಕೆಳಗ ಮೊದಲಿನ ದನಿ ಬಂತ್ರಿ. ಈಗ ಮ್ಯಾಲೆ ಏನ್ ಹಾಕ್ಲಿ?

ವೈರಿಂಗ್, ವಿಜಯಪುರ:
ಸ್ಪೀಕರ್ ಅವ ಇರಲಿ. 100 ವೋಲ್ಟಿನಿಂದ 8 ಓಮಿಗೆ ಇಳಿಸೂ 10 ವ್ಯಾಟ್ ಟ್ರಾನ್ಸ್‌ಫಾರ್ಮರ್ ನಾಕು ತರ್ರಿ, 6 ವ್ಯಾಟಿನ ಟ್ಯಾಪಿಂಗಿಗೆ ಹಚ್ಚರಿ. ಒಟ್ಟು 84 ವ್ಯಾಟ್; ಆಂಪ್ಲಿಫೈಯರ್ ಮ್ಯಾಲೆ ಪೂರ್ತಿ ಹೊರೆ ಬೀಳದಂಗ 120ರ ಶೇ. 80ರೊಳಗ ಇಡೂದು ಚಲೋ; ಅದು 96, ಅದರೊಳಗ ಬರ್ತೈತಿ. ಎಲ್ಲಾದಕ್ಕೂ 10 ವ್ಯಾಟ್ ಮಾಡೂ ಆಸೆ ಬ್ಯಾಡ, ಲೋಡ್ 140 ಆಗ್ತೈತಿ, ದನಿ ಏರೂದು ಬರೇ 2 ಡೆಸಿಬೆಲ್. ಪ್ಲಸ್ ಮೈನಸ್ ನಾಕಕ್ಕೂ ಒಂದ ರೀತಿ ಕೊಡ್ರಿ. ಮಗ್ಗಲದ ಎರಡರಾಗ ಒಂದು ಉಲ್ಟಾ ಆದ್ರ ನಡುವ ನಿಂತವರಿಗೆ ಬೇಸ್ ಕೇಳೂದಿಲ್ಲ.