ಫೇಸ್‌ಬುಕ್‌ನಲ್ಲಿ 3,000 ಗೆಳೆಯರು, ಕಾಫಿಪುಡಿ ತರಿಸಿಕೊಳ್ಳುವುದು ನಾಲ್ಕೇ ಮನೆ. ಏನು ಮಾಡಲಿ?

ಶನಿವಾರಸಂತೆ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಶನಿವಾರಸಂತೆ ಹತ್ತಿರ ನಾಲ್ಕು ಎಕರೆ ತೋಟ. ಹೆಚ್ಚಿನದು ಅರೇಬಿಕಾ ಕಾಫಿ, ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಅಪ್ಪ ಇದ್ದಾಗ ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ ಪೇಟೆಯ ವ್ಯಾಪಾರಿಗೆ ಹಾಕಿದರೆ ಆ ವರ್ಷದ ಲೆಕ್ಕ ಮುಗಿಯುತ್ತಿತ್ತು. ಅವರು ತೀರಿಕೊಂಡ ಮೇಲೆ ನಾನು ಮೈಸೂರಿನ ಕೆಲಸ ಬಿಟ್ಟು ಊರಿಗೆ ಬಂದೆ. ಎರಡು ವರ್ಷದಿಂದ ಸ್ವಲ್ಪ ಬೀಜವನ್ನು ನಾವೇ ಹುರಿದು, ಪುಡಿ ಮಾಡಿ, ಕಾಲು ಕೆಜಿ ಪ್ಯಾಕೆಟ್ ಕಟ್ಟಿ ಮಾರುತ್ತಿದ್ದೇವೆ. ಅಮ್ಮನ ಹೆಸರಿನಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿನೂ ಆಗಿದೆ.

ಫೇಸ್‌ಬುಕ್‌ನಲ್ಲಿ ನನಗೆ 3,000 ಗೆಳೆಯರಿದ್ದಾರೆ. ಇನ್‌ಸ್ಟಾಗ್ರಾಂನಲ್ಲಿ ತೋಟದ ಫೋಟೋ ಹಾಕಿದರೆ ಲೈಕ್‌ಗೆ ಕಡಿಮೆಯಿಲ್ಲ, ಹೂಮಳೆ ಬಿದ್ದು ಕಾಫಿ ಗಿಡವೆಲ್ಲ ಹೂಬಿಟ್ಟು ಬೆಳ್ಳಗಾದಾಗಂತೂ ಇನ್ನೂ ಜಾಸ್ತಿ. ಆದರೆ ತಿಂಗಳು ತಪ್ಪದೆ ಪುಡಿ ತರಿಸಿಕೊಳ್ಳುವುದು ನಾಲ್ಕೇ ಮನೆ, ಅದರಲ್ಲಿ ಎರಡು ಚಿಕ್ಕಮ್ಮಂದಿರ ಮನೆ. ದಿನಾ ಪ್ಯಾಕೆಟ್ ಫೋಟೋ, ರೇಟು, ಫೋನ್ ನಂಬರ್ ಹಾಕುತ್ತೇನೆ. ಹತ್ತು ವಾಟ್ಸಾಪ್ ಗುಂಪುಗಳಿಗೂ ಕಳಿಸುತ್ತೇನೆ. ಎರಡು ಗುಂಪಿನವರು ನನ್ನನ್ನು ತೆಗೆದೇ ಹಾಕಿದರು, ಅದು ತುಂಬಾ ಬೇಜಾರಾಯಿತು. ತಂಗಿ ಡಿಗ್ರಿ ಓದುತ್ತಿದ್ದಾಳೆ, ಮನೆಯ ಮಾಡು ರಿಪೇರಿ ಆಗಬೇಕು. ಇಷ್ಟೊಂದು ಜನರ ಪರಿಚಯ ಇದ್ದೂ ಅದು ಬದುಕಿಗೆ ಆಸರೆ ಆಗುತ್ತಿಲ್ಲವಲ್ಲ. ದುಡ್ಡು ಕೊಟ್ಟು ಜಾಹೀರಾತು ಹಾಕಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಗೋಣಿಕೊಪ್ಪದ ಅಕ್ಕ:

ತಮ್ಮಾ, ಜಾಹೀರಾತಿಗೆ ಈಗಲೇ ದುಡ್ಡು ಸುರಿಯಬೇಡ. ನಾನು ಆರು ವರ್ಷದಿಂದ ಕರಿಮೆಣಸು, ಏಲಕ್ಕಿ, ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ ರಸ) ಮಾರುತ್ತಿದ್ದೇನೆ. ಮೊದಲ ವರ್ಷ ನಾನೂ ನಿನ್ನ ಹಾಗೇ ಬಾಟಲಿಯ ಫೋಟೋ ಹಾಕಿ ಹಾಕಿ ಸುಸ್ತಾಗಿದ್ದೆ.

ಒಂದು ದಿನ ಅಡುಗೆಯ ಗುಂಪೊಂದರಲ್ಲಿ ಯಾರೋ ಕೇಳಿದರು, ಪಂದಿ ಕರಿಗೆ (ಹಂದಿ ಮಾಂಸದ ಅಡುಗೆಗೆ) ಕಾಚಂಪುಳಿ ಸಿಗದಿದ್ದರೆ ಹುಣಸೆಹಣ್ಣು ಹಾಕಬಹುದಾ ಅಂತ. ನಾನು ಮಾರುವ ಮಾತೇ ಎತ್ತಲಿಲ್ಲ. ಮಳೆಗಾಲದಲ್ಲಿ ಬಿದ್ದ ಹಣ್ಣನ್ನು ಆರಿಸಿ ಬುಟ್ಟಿಯಲ್ಲಿ ರಾಶಿ ಹಾಕುವುದು, ಕೆಳಗಿಟ್ಟ ಪಾತ್ರೆಗೆ ರಸ ಇಳಿಯುವುದು, ಅದನ್ನು ಒಲೆಯ ಮೇಲೆ ಕುದಿಸಿ ಕುದಿಸಿ ಕಪ್ಪಗೆ ಮಂದ ಮಾಡುವುದು, ಒಂದು ಕೆಜಿ ಮಾಂಸಕ್ಕೆ ಎಷ್ಟು ಹಾಕಬೇಕು, ಯಾವಾಗ ಹಾಕಬೇಕು, ಎಲ್ಲವನ್ನೂ ಕೂತು ಬರೆದೆ. ಕಾಚಂಪುಳಿ ಇಲ್ಲದಿದ್ದರೆ ನಿಂಬೆಹುಳಿಯಲ್ಲಿ ಹೇಗೆ ಸುಧಾರಿಸಬಹುದು ಅಂತಲೂ ಹೇಳಿದೆ. ಅವತ್ತು ರಾತ್ರಿ ಹನ್ನೊಂದು ಜನ ಮೆಸೇಜ್ ಮಾಡಿದರು. ಅದರಲ್ಲಿ ಒಬ್ಬರದ್ದು ಬೆಂಗಳೂರಿನಲ್ಲಿ ಚಿಕ್ಕ ಹೋಟೆಲ್. ಅವರು ಇವತ್ತಿಗೂ ತಿಂಗಳಿಗೆ ಇಷ್ಟು ಲೀಟರ್ ಅಂತ ತರಿಸಿಕೊಳ್ಳುತ್ತಾರೆ, ಅವರ ಮೂಲಕ ಇನ್ನೂ ಮೂರು ಹೋಟೆಲ್ ಸಿಕ್ಕಿತು. ನನ್ನ ಮಗನ ಕಾಲೇಜು ಫೀಸು ನಡೆಯುತ್ತಿರುವುದು ಆ ನಾಲ್ಕು ಅಡುಗೆಮನೆಗಳಿಂದ.

ನಿನಗೆ ಗೊತ್ತಿರುವುದನ್ನು ಕೊಡು. ಫಿಲ್ಟರ್‌ಗೆ ಪುಡಿ ಎಷ್ಟು ನುಣ್ಣಗಿರಬೇಕು, ಚಿಕೋರಿ ಹಾಕಿದರೆ ಡಿಕಾಕ್ಷನ್ ಯಾಕೆ ಗಟ್ಟಿಯಾಗುತ್ತದೆ, ಹುರಿದ ದಿನಾಂಕ ಯಾಕೆ ನೋಡಬೇಕು, ಇವೆಲ್ಲ ಪೇಟೆಯ ಜನಕ್ಕೆ ನಿಜವಾಗಿಯೂ ಬೇಕು. ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೋ. ಕೊಂಡವರ ಹೆಸರು, ಯಾವ ಹದದ ಪುಡಿ, ಮನೆಯಲ್ಲಿ ಎಷ್ಟು ಜನ, ಎಲ್ಲ ಬರೆದಿಡು. ಹತ್ತು ದಿನ ಬಿಟ್ಟು ಫೋನ್ ಮಾಡಿ ಹೇಗಿತ್ತು ಅಂತ ಕೇಳು. ಆ ಫೋನಿನಲ್ಲಿ ಇನ್ನೊಂದು ಪ್ಯಾಕೆಟ್ ಮಾರಲು ಹೋಗಬೇಡ ಮಾತ್ರ.

ಮಾದಾಪುರದವನು:

ಅಕ್ಕ ಹೇಳಿದ್ದು ನಿಜ. ನನ್ನದು ಬೇರೆ ದಾರಿಯಲ್ಲಿ ಬಂದ ಅನುಭವ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಮ್ಮ ಕಡೆ ಕರೆಂಟ್ ಇಲ್ಲ, ಟವರ್ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಸುಂಟಿಕೊಪ್ಪದ ಕಡೆ ಹೋಗಿ ಸಿಗ್ನಲ್ ಹಿಡಿದು, ವಾಟ್ಸಾಪ್‌ನಲ್ಲಿ ಯಾವ ಮನೆಯವರು ಎಲ್ಲಿದ್ದಾರೆ, ಯಾವ ಕ್ಯಾಂಪಿಗೆ ಹಾಲಿನ ಪುಡಿ ಬೇಕು, ಯಾರಿಗೆ ಬಿಪಿ ಮಾತ್ರೆ ಬೇಕು ಅಂತ ಪಟ್ಟಿ ಮಾಡುವ ಕೆಲಸ ನಾನು ಹಿಡಿದುಕೊಂಡೆ. ಕಷ್ಟ ಏನಾಗಿತ್ತೆಂದರೆ, ಒಬ್ಬರನ್ನು ಸುರಕ್ಷಿತವಾಗಿ ಕರೆತಂದ ಮೇಲೂ ಅದೇ ಮೆಸೇಜ್ ಎರಡು ದಿನ ಸುತ್ತುತ್ತಿತ್ತು. ಹಾಗಾಗಿ ಪ್ರತಿ ಮೆಸೇಜ್‌ಗೆ ಸಮಯ ಹಾಕಿ, ಕೆಲಸ ಮುಗಿದಿದ್ದರೆ ಮುಗಿದಿದೆ ಅಂತ ಬರೆಯುತ್ತಿದ್ದೆ. ಅಷ್ಟೇ ನಾನು ಮಾಡಿದ್ದು. ಮಂಗಳೂರು, ಹಾಸನ, ಮೈಸೂರು, ಮುಖವೇ ನೋಡದ ಜನರು ಲಾರಿಯಲ್ಲಿ ಅಕ್ಕಿ ಕಂಬಳಿ ಕಳಿಸಿದರು.

ನಮ್ಮ ತೋಟದ ಅರ್ಧ ಭಾಗ ಮಣ್ಣಿನ ಜೊತೆ ಹೋಗಿತ್ತು. ಮುಂದಿನ ವರ್ಷ ಏನು ಮಾಡುವುದು ಅಂತ ಗೊತ್ತಿಲ್ಲದೆ ಕೂತಿದ್ದಾಗ ಆ ಗುಂಪಿನಲ್ಲಿದ್ದ ಹಾಸನದ ಒಬ್ಬರು ಫೋನ್ ಮಾಡಿ, ನೀವು ಲೆಕ್ಕ ಇಡುವ ರೀತಿ ನೋಡಿದ್ದೇನೆ, ನಮ್ಮ ಗೋಡೌನಿಗೆ ಬರುತ್ತೀರಾ ಅಂದರು. ಐದು ವರ್ಷ ಅಲ್ಲಿದ್ದೆ, ಈಗ ತೋಟವನ್ನೂ ಸ್ವಲ್ಪ ಸ್ವಲ್ಪ ಮತ್ತೆ ಎಬ್ಬಿಸಿದ್ದೇನೆ. ಕೆಲಸ ಸಿಗಲಿ ಅಂತ ಅವತ್ತು ಯಾರೂ ಪಟ್ಟಿ ಮಾಡಲಿಲ್ಲ. ಆದರೆ ಜನ ನೋಡುತ್ತಿರುತ್ತಾರೆ.

ಓದುವ ಹುಡುಗಿ, ವಿರಾಜಪೇಟೆ:

ಮೇಲಿನ ಅಣ್ಣ ಹೇಳಿದ್ದಕ್ಕೆ ಸೇರಿಸುತ್ತೇನೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ನಮಗೆ ಒಂದು ಅಧ್ಯಯನ ಇತ್ತು. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಬರೆದದ್ದು, ಅಂದರೆ ಫೇಸ್‌ಬುಕ್‌ಗಿಂತ ಎಷ್ಟೋ ಮೊದಲು. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಅವರು ಕೇಳಿದರು, ದಾರಿ ತೋರಿಸಿದವರನ್ನು ನೀವು ಆಗ ಎಷ್ಟು ಸಲ ನೋಡುತ್ತಿದ್ದಿರಿ ಅಂತ. ಆಗಾಗ ನೋಡುತ್ತಿದ್ದೆವು ಅಂದವರು 100ಕ್ಕೆ 17ರಷ್ಟು ಮಾತ್ರ. ಉಳಿದವರೆಲ್ಲ ಯಾವಾಗಲೋ ಒಮ್ಮೆ ಸಿಗುವ ಪರಿಚಯದವರಿಂದ ಸುದ್ದಿ ತಿಳಿದವರು. ಕಾರಣ ಸರಳ. ನಮ್ಮ ಮನೆಯವರಿಗೆ, ಪಕ್ಕದ ತೋಟದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಕಡೆ ಓಡಾಡುವವರಿಂದ.

ನಿಮ್ಮ ಹತ್ತು ಗುಂಪುಗಳು ಯಾವುವು ಅಂತ ಒಮ್ಮೆ ನೋಡಿ. ಎಲ್ಲವೂ ಶನಿವಾರಸಂತೆ, ಸೋಮವಾರಪೇಟೆಯ ಬೆಳೆಗಾರರದ್ದೇ ಆದರೆ, ಕಾಫಿ ಬೆಳೆಯುವವರಿಗೇ ಕಾಫಿಪುಡಿ ಮಾರುತ್ತಿದ್ದೀರಿ ಅಲ್ವಾ? ಮೈಸೂರಿನಲ್ಲಿ ಜೊತೆಗೆ ಕೆಲಸ ಮಾಡಿದವರು ಎಷ್ಟು ಜನ ಇದ್ದಾರೆ? ಮೊದಲು ಅವರಲ್ಲಿ ಇಪ್ಪತ್ತು ಜನಕ್ಕೆ ಹೆಸರು ಹಿಡಿದು ಬರೆಯಿರಿ, ಒಂದೇ ಮೆಸೇಜನ್ನು ಎಲ್ಲರಿಗೂ ಫಾರ್ವರ್ಡ್ ಮಾಡಬೇಡಿ.

ಹಳೇ ಬೆಳೆಗಾರ:

ನಾನು ಅರವತ್ತೆಂಟು ವರ್ಷದವನು. ನನಗೆ ಈ ಫೋನಿನ ಗೆಳೆತನದ ಮೇಲೆ ಪೂರ್ತಿ ನಂಬಿಕೆ ಇಲ್ಲ. ಸಂಬಂಧ ಬೆಳೆಯಬೇಕಾದರೆ ಮದುವೆಗೆ ಹೋಗಬೇಕು, ಸಾವಿಗೆ ಹೋಗಬೇಕು, ಪುತ್ತರಿ ಹಬ್ಬಕ್ಕೆ ಮನೆಗೆ ಕರೆಯಬೇಕು. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರುವಾಯಿತಲ್ಲ, ಮೈದಾನದಲ್ಲಿ ಎಷ್ಟು ಮನೆಗಳು ಒಂದಕ್ಕೊಂದು ಹತ್ತಿರವಾದವು ಅಂತ ಕಣ್ಣಾರೆ ಕಂಡಿದ್ದೇನೆ.

ಆದರೂ ಒಂದು ಮಾತು ಒಪ್ಪುತ್ತೇನೆ. ಮೊದಲು ವ್ಯಾಪಾರಿ ಹೇಳಿದ್ದೇ ರೇಟು, ಅವನು ಹೇಳಿದ್ದೇ ಓಟಿ. ಹೊಸಬರಿಗೆ ಗೊತ್ತಿರಲಿ, 50 ಕೆಜಿ ಒಣ ಚೆರಿಯಲ್ಲಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನಲ್ಲಿ, ಎಷ್ಟು ಕೆಜಿ ಬೀಜ ಸಿಗುತ್ತದೆ ಎನ್ನುವುದೇ ಓಟಿ, ಅದರ ಒಂದೊಂದು ಪಾಯಿಂಟಿಗೂ ದುಡ್ಡು. ಈಗ ನಮ್ಮ ಬೆಳೆಗಾರರ ಗುಂಪಿನಲ್ಲಿ ಬೆಳಿಗ್ಗೆ ಎಂಟಕ್ಕೆ ಕುಶಾಲನಗರದ ರೇಟು, ಗೋಣಿಕೊಪ್ಪದ ರೇಟು ಎರಡೂ ಬರುತ್ತದೆ. 2024ರಲ್ಲಿ ರೋಬಸ್ಟಾ ಕಾಫಿಯ ಚೆರಿ ಮೂಟೆಗೆ 10,000 ರೂಪಾಯಿ ದಾಟಿದಾಗ ನಮ್ಮ ಪಕ್ಕದವರು ಹಳೇ ರೇಟಿಗೆ ಮಾತು ಕೊಡುವುದರಲ್ಲಿದ್ದರು. ಗುಂಪಿನಲ್ಲಿ ನೋಡಿ ನಾನೇ ಓಡಿಹೋಗಿ ತಡೆದೆ. ಹಾಗಾಗಿ ಪುಡಿ ಮಾರುವುದು ಒಂದೇ ಲಾಭ ಅಂದುಕೊಳ್ಳಬೇಡಪ್ಪ. ನಿನ್ನ ಬೆಳೆಯ ಬಹುಪಾಲು ಈಗಲೂ ಮೂಟೆಯಲ್ಲೇ ಹೋಗುತ್ತದಲ್ಲ, ಅಲ್ಲಿ ಸರಿಯಾದ ಬೆಲೆ ಸಿಕ್ಕಿದರೂ ಮನೆಯ ಮಾಡು ರಿಪೇರಿಯಾಗುತ್ತದೆ.

ಕುಶಾಲನಗರ ಪ್ಯಾಕಿಂಗ್:

ಒಂದು ಎಚ್ಚರಿಕೆ, ದಯವಿಟ್ಟು ಓದಿ. ಪರಿಚಯ ಜಾಸ್ತಿಯಾದ ಹಾಗೆ ಮೋಸದವರೂ ಬರುತ್ತಾರೆ. ಹೋದ ವರ್ಷ ನನಗೆ ಒಬ್ಬ ಮಿಲಿಟರಿ ಕ್ಯಾಂಟೀನಿಗೆ 40 ಕೆಜಿ ಮೆಣಸು ಬೇಕು ಅಂತ ಬರೆದ. ಸಮವಸ್ತ್ರದ ಫೋಟೋ, ಐಡಿ ಕಾರ್ಡ್ ಎಲ್ಲ ಕಳಿಸಿದ. ನಮ್ಮ ಕೊಡಗಿನಲ್ಲಿ ಸೇನೆಯವರು ಅಂದರೆ ಎದ್ದು ನಿಲ್ಲುತ್ತೇವೆ, ಮನೆಮನೆಯಲ್ಲಿ ನಿವೃತ್ತ ಸೈನಿಕರಿದ್ದಾರೆ, ಅನುಮಾನವೇ ಬರಲಿಲ್ಲ. ಮುಂಗಡ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ಒತ್ತಿದೆ, 9,000 ರೂಪಾಯಿ ಹೋಯಿತು. ದುಡ್ಡು ಬರಬೇಕಾದರೆ ಯುಪಿಐ ಪಿನ್ ಹಾಕಬೇಕಾಗಿಯೇ ಇಲ್ಲ. ಪಿನ್ ಕೇಳಿದರೆ ನಿಮ್ಮ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಹಾಗೇನಾದರೂ ಆದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ನಾಚಿಕೆಯಿಂದ ಎರಡು ದಿನ ಸುಮ್ನೆ ಕೂತೆ, ಅಷ್ಟರಲ್ಲಿ ದುಡ್ಡು ಕೈತಪ್ಪಿತ್ತು.

ಇನ್ನೊಂದು ವಿಷಯ. ಕೇಳದೆ ಯಾರನ್ನೂ ಗುಂಪಿಗೆ ಸೇರಿಸಬೇಡಿ. ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡರೆ ಅದರಲ್ಲೇ ಕ್ಯಾಟಲಾಗ್ ಇದೆ. ರೇಟು ಅಲ್ಲಿರಲಿ, ಬೇಕಾದವರು ನೋಡಿಕೊಳ್ಳುತ್ತಾರೆ.

ಶನಿವಾರಸಂತೆ ತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಅಮ್ಮನಿಗೂ ಎಲ್ಲವನ್ನೂ ಓದಿ ಹೇಳಿದೆ. ಗುಂಪುಗಳನ್ನು ಲೆಕ್ಕ ಹಾಕಿದೆ. ಹತ್ತರಲ್ಲಿ ಎಂಟು ನಮ್ಮ ಸುತ್ತಮುತ್ತಲಿನ ಬೆಳೆಗಾರರದ್ದೇ. ಇದು ಇಷ್ಟು ದಿನ ಹೊಳೆದೇ ಇರಲಿಲ್ಲ.

ನಿನ್ನೆ ಮೈಸೂರಿನ ಹಳೇ ಆಫೀಸಿನ ಆರು ಜನಕ್ಕೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದೆ. ಪುಡಿಯ ವಿಷಯ ಹೇಳಲಿಲ್ಲ, ಹೇಗಿದ್ದೀರಿ ಅಂತ ಕೇಳಿ ಇಲ್ಲಿನ ಸಮಾಚಾರ ತಿಳಿಸಿದೆ. ನಾಲ್ಕು ಜನ ಕೂಡಲೇ ಉತ್ತರ ಕೊಟ್ಟರು. ಒಬ್ಬರು ತಾವಾಗಿಯೇ, ಮಳೆಗಾಲದಲ್ಲಿ ನಮ್ಮ ಮನೆಯ ಕಾಫಿಪುಡಿ ಗಂಟು ಕಟ್ಟುತ್ತದೆ, ಏನು ಮಾಡೋದು ಅಂತ ಕೇಳಿದ್ದಾರೆ. ಚಿಕೋರಿ ಇರುವ ಪುಡಿ ತೇವ ಬೇಗ ಹೀರುತ್ತದೆ. ಸ್ವಲ್ಪ ಸ್ವಲ್ಪವೇ ತರಿಸಿ, ಗಾಳಿ ಆಡದ ಡಬ್ಬಿಯಲ್ಲಿ ಹಾಕಿ, ಒದ್ದೆ ಚಮಚ ತಾಗಿಸಬಾರದು ಅಂತ ನಮ್ಮ ಮನೆಯಲ್ಲಿ ಮಾಡುವುದನ್ನೇ ಬರೆಯುತ್ತಿದ್ದೇನೆ, ಡಬ್ಬಿಯ ಫೋಟೋನೂ ಹಾಕುತ್ತೇನೆ.

ಗೋಣಿಕೊಪ್ಪದ ಅಕ್ಕ, ಅಮ್ಮನಿಗೆ ಅರ್ಧ ಲೀಟರ್ ಕಾಚಂಪುಳಿ ಬೇಕಂತೆ. ಮುಂದಿನ ವಾರ ಆ ಕಡೆ ಬರುವವನಿದ್ದೇನೆ, ಬರುವಾಗ ನಿಮಗೊಂದು ಪ್ಯಾಕೆಟ್ ಪುಡಿ ತರುತ್ತೇನೆ. ಕುಡಿದು ಹೇಗಿದೆ ಅಂತ ನೇರವಾಗಿ ಹೇಳಬೇಕು.