‘ಛೇದಪಲ್ಲಟ’ ಎನ್ನಬಹುದೇ? ಸಂಭವನೀಯತೆಯ ಒಂದು ತಪ್ಪಿಗೆ ಹೆಸರು ಬೇಕಾಗಿದೆ

ಮಾನ್ಯರೇ,

ಆರೋಗ್ಯ ತಪಾಸಣೆಯ ಫಲಿತಾಂಶಗಳನ್ನು ಓದಿಕೊಳ್ಳುವ ಬಗೆ ಹೇಗೆ ಎಂದು ಜನಸಾಮಾನ್ಯರಿಗೆ ತಿಳಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ಇಂಗ್ಲಿಷಿನವರು ‘ಬೇಸ್ ರೇಟ್ ಫ್ಯಾಲಸಿ’ (ಒಂದು ಸಂಗತಿ ಒಟ್ಟು ಜನರಲ್ಲಿ ಎಷ್ಟು ಅಪರೂಪವೆಂಬುದನ್ನು ಮರೆಯುವುದು), ‘ಪ್ರಾಸಿಕ್ಯೂಟರ್ಸ್ ಫ್ಯಾಲಸಿ’ (ನಿರಪರಾಧಿಯ ವಿರುದ್ಧ ಅಂಥ ಸಾಕ್ಷ್ಯ ಸಿಗುವ ಸಂಭವವನ್ನೇ ಆತ ನಿರಪರಾಧಿಯಾಗಿರುವ ಸಂಭವವೆಂದು ಓದುವುದು) ಎಂದು ಕರೆಯುವ, ಒಂದಕ್ಕೊಂದು ತೀರ ಹತ್ತಿರದ ತಪ್ಪುಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂಬುದು ನನ್ನ ಪ್ರಶ್ನೆ. ‘ಮೂಲದರ ದೋಷ’ ಎಂದರೆ ಓದುಗರು ಅದನ್ನು ಬೆಲೆಯ ಮಾತೆಂದು ತಿಳಿಯುತ್ತಾರೆ. ‘ಅಭಿಯೋಜಕರ ದೋಷ’ ಎಂದರೆ ಸರ್ಕಾರಿ ವಕೀಲರ ನಡತೆಯ ಮಾತಾಗಿಬಿಡುತ್ತದೆ. ತಪ್ಪು ಎಲ್ಲಿ ನಡೆಯುತ್ತದೆ ಎಂಬುದನ್ನು ಎರಡೂ ಹೇಳುವುದಿಲ್ಲ.

ಲೆಕ್ಕಕ್ಕೆಂದು ಸಾವಿರ ಜನರನ್ನು ಇಟ್ಟುಕೊಳ್ಳೋಣ. ಅವರಲ್ಲಿ 10 ಮಂದಿಗೆ ಒಂದು ರೋಗವಿದೆ, ಪರೀಕ್ಷೆ ಅವರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ರೋಗವಿಲ್ಲದ 990 ಮಂದಿಯಲ್ಲಿಯೂ 99 ಜನರಿಗೆ ತಪ್ಪಾಗಿ ‘ಪಾಸಿಟಿವ್’ ಎಂದು ಬರುತ್ತದೆ. ಪಾಸಿಟಿವ್ ಬಂದವರು ಒಟ್ಟು 108, ಅವರಲ್ಲಿ ನಿಜವಾಗಿ ರೋಗವಿರುವವರು 9, ಅಂದರೆ ಹನ್ನೆರಡರಲ್ಲಿ ಒಬ್ಬರು. ಆದರೆ ವರದಿಯನ್ನು ಕೈಯಲ್ಲಿ ಹಿಡಿದವರು ‘ಪರೀಕ್ಷೆ ಹತ್ತಕ್ಕೆ ಒಂಬತ್ತು ಸಲ ಸರಿ, ಹಾಗಾಗಿ ನನಗೆ ರೋಗವಿರುವುದು ಬಹುತೇಕ ಖಚಿತ’ ಎಂದು ಕಂಗೆಡುತ್ತಾರೆ. ಅಂಶ ಎರಡರಲ್ಲೂ ಅದೇ 9. ಬದಲಾದದ್ದು ಛೇದ ಮಾತ್ರ, 108 ಇರಬೇಕಾದಲ್ಲಿ 10 ಬಂದು ಕುಳಿತಿದೆ. ಇದರಿಂದಲೇ ನನಗೆ ‘ಛೇದಪಲ್ಲಟ’ ಎಂಬ ಪದ ಹೊಳೆಯಿತು. ಅಂಶ, ಛೇದಗಳನ್ನು ಕನ್ನಡ ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು.

ಈ ತಪ್ಪನ್ನು ಬಯಲಿಗೆಳೆಯಲು ನಮ್ಮ ಸಪ್ತಮಿ ವಿಭಕ್ತಿಯೇ ಸಾಕೆನಿಸುತ್ತದೆ. ‘ರೋಗವಿದ್ದವರಲ್ಲಿ ಪಾಸಿಟಿವ್ ಬಂದವರು’, ‘ಪಾಸಿಟಿವ್ ಬಂದವರಲ್ಲಿ ರೋಗವಿದ್ದವರು’: ‘ಅಲ್ಲಿ’ ಯಾವ ಪದಕ್ಕೆ ಅಂಟಿದೆಯೋ ಅದೇ ಛೇದ. ಪಠ್ಯಪುಸ್ತಕದ ಭಾಷೆ ಇಂಥ ಸಲೀಸಾದ ದಾರಿಯನ್ನು ಬಿಟ್ಟು ಷರತ್ತುಬದ್ಧ ಸಂಭವನೀಯತೆ ಎಂದು ಶುರುಮಾಡುವುದು ನನಗೆ ಬೇಸರದ ಸಂಗತಿ.

ಈ ತಪ್ಪಿನ ಬೆಲೆ ದೊಡ್ಡದು. 1999ರಲ್ಲಿ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಎಂಬ ತಾಯಿ ತಮ್ಮ ಎರಡು ಶಿಶುಗಳನ್ನು ಕೊಂದರೆಂದು ಶಿಕ್ಷೆಗೊಳಗಾದರು. ಅಂಥ ಕುಟುಂಬದಲ್ಲಿ ಎರಡು ಶಿಶುಗಳು ಹಠಾತ್ತಾಗಿ ತಾವಾಗಿಯೇ ಸಾಯುವ ಸಂಭವ 7.3 ಕೋಟಿಗೆ ಒಂದು ಎಂದು ತಜ್ಞಸಾಕ್ಷಿಯೊಬ್ಬರು ನುಡಿದಿದ್ದರು. ಒಂದೇ ಮನೆಯ ಎರಡು ಸಾವುಗಳನ್ನು ಪರಸ್ಪರ ಸಂಬಂಧವಿಲ್ಲದವೆಂದು ಎಣಿಸಿ ಗುಣಿಸಿದ್ದು ಒಂದು ತಪ್ಪು. ಎಲ್ಲ ಕುಟುಂಬಗಳಲ್ಲಿ ಇಂಥ ಸಾವುಗಳು ಎಷ್ಟು ಅಪರೂಪವೆಂದು ಹೇಳುವ ಆ ಸಂಖ್ಯೆಯನ್ನು, ಎರಡು ಸಾವು ಕಂಡ ಕುಟುಂಬಗಳಲ್ಲಿ ತಾಯಿ ನಿರಪರಾಧಿಯಾಗಿರುವ ಸಂಭವವೆಂದು ಓದಿಕೊಳ್ಳುವುದು ನಾನು ಹೇಳುತ್ತಿರುವ ಛೇದದ ತಪ್ಪು. 2001ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞರ ಸಂಘವಾದ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಇದನ್ನು ಬಹಿರಂಗವಾಗಿ ಆಕ್ಷೇಪಿಸಿತು. ಮೊದಲು ಹೊರಬಾರದಿದ್ದ ವೈದ್ಯಕೀಯ ವರದಿಯೊಂದು ಬೆಳಕಿಗೆ ಬಂದ ಮೇಲೆ, 2003ರಲ್ಲಿ ಶಿಕ್ಷೆ ರದ್ದಾಯಿತು.

ನಮ್ಮ ಹಳೆಯ ತರ್ಕವಾದ ನ್ಯಾಯಶಾಸ್ತ್ರದಿಂದಲೇ ಪದ ತರಬಹುದೇ ಎಂದೂ ಯೋಚಿಸಿದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ವ್ಯಾಪ್ತಿಯನ್ನು (ತಪ್ಪದ ನಂಟನ್ನು) ತಿರುಗಿಸಿ ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲ. ತಿರುವುಮುರುವಾಗುವ ಬಗೆ ಒಂದೇ ಆದರೂ ಅಲ್ಲಿ ಇದೆ, ಇಲ್ಲ ಎಂಬ ನಿರ್ಣಯವಿದೆ, ಎಷ್ಟು ಎಂಬ ಅಳತೆಯಿಲ್ಲ. ಆದ್ದರಿಂದ ‘ಹೇತ್ವಾಭಾಸ’ (ಸರಿಯಾದ ಕಾರಣದಂತೆ ತೋರುವ ಹುಸಿ ಕಾರಣ) ಇಲ್ಲಿ ಹೊಂದುವುದಿಲ್ಲವೆಂದು ನನ್ನ ಅನಿಸಿಕೆ. ಮೇಲಾಗಿ ಶಾಸ್ತ್ರದಲ್ಲಿ ಜ್ಞಾನದ ಸಾಧನವಾದ ‘ಅನುಮಾನ’ ನಮ್ಮ ಆಡುಮಾತಿನಲ್ಲಿ ಸಂಶಯವಾಗಿ ಹೋಗಿರುವುದರಿಂದ, ಅಲ್ಲಿನ ಪದಗಳನ್ನು ತಂದರೆ ಓದುಗರಿಗೆ ಇನ್ನಷ್ಟು ಗೊಂದಲವಾದೀತು.

ತಿಳಿದವರು ಎರಡು ವಿಷಯಗಳನ್ನು ದಯವಿಟ್ಟು ಬಗೆಹರಿಸಬೇಕು. ‘ಸ್ಥಾನಪಲ್ಲಟ’ ಬಳಕೆಯಲ್ಲಿರುವಾಗ ‘ಛೇದಪಲ್ಲಟ’ವನ್ನು ಅರಿಸಮಾಸವೆಂದು (ಸಂಸ್ಕೃತ, ಕನ್ನಡ ಪದಗಳನ್ನು ಬೆರೆಸಿದ ಒಪ್ಪದ ಸಮಾಸವೆಂದು) ಯಾರಾದರೂ ಆಕ್ಷೇಪಿಸಬಹುದೇ? ಈ ತಪ್ಪಿಗೆ ಅಚ್ಚಾಗಿರುವ ಬೇರೆ ಕನ್ನಡ ಹೆಸರನ್ನು ಯಾರಾದರೂ ಕಂಡಿದ್ದೀರಾ?